ಬಿಳಿ ಮೀನಲ್ಲಿ ಯಾವ ದೇಶದ ಪಾಲು ಎಷ್ಟು?

ಚಿಕ್ಕವರಿದ್ದಾಗ ಹಳದಿ ಕಾಡ್ ಲಿವರ್ ಆಯಿಲ್ ಮಾತ್ರೆ ನುಂಗಿದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ, ಆದ್ರೆ ಎಣ್ಣೇನ ಆ ಮೀನಿನ ಲಿವರಿಂದಾನೇ ಯಾಕೆ ತೆಗೀತಾರೆ ಗೊತ್ತಾ? ನಮ್ಮ ಬಂಗುಡೆ, ಬೂತಾಯಿ ದಿನವಿಡೀ ಈಜ್ತಾನೇ ಇರ್ಬೇಕು, ಅದಕ್ಕೆ ಆಮ್ಲಜನಕ ಹಿಡಿದಿಡೋ ಮಯೋಗ್ಲೋಬಿನ್ ತುಂಬಿದ ಕೆಂಪು ಸ್ನಾಯು ಬೇಕು, ಕೊಬ್ಬೂ ಮಾಂಸದಲ್ಲೇ ಇರುತ್ತೆ. ಕಾಡ್, ಹ್ಯಾಡಕ್, ಹೇಕ್ ಹೆಚ್ಚಾಗಿ ತಣ್ಣೀರಿನ ತಳದ ಹತ್ರ ಇದ್ದು ಬೇಕಾದಾಗ ಮಾತ್ರ ಛಂಗನೆ ನುಗ್ಗೋ ಮೀನುಗಳು, ಕೊಬ್ಬೆಲ್ಲ ಲಿವರಲ್ಲಿ ಕೂತಿರುತ್ತೆ, ಮಾಂಸ ಬೆಳ್ಳಗೆ. ಬಿಳಿ ಮೀನು ಅನ್ನೋದು ಇದಕ್ಕೇ.

ಇದರಲ್ಲಿ ದೊಡ್ಡ ಲೆಕ್ಕ ಕಾಡ್ ಬಳಗದ ಅಲಾಸ್ಕಾ ಪೊಲಾಕ್‌ದು, ವರ್ಷಕ್ಕೆ ಸುಮಾರು 35 ಲಕ್ಷ ಟನ್. ಒಖೋತ್ಸ್ಕ್ ಸಮುದ್ರ, ಬೇರಿಂಗ್ ಸಮುದ್ರದ ಪಶ್ಚಿಮದಲ್ಲಿ ರಷ್ಯಾ, ಪೂರ್ವದಲ್ಲಿ ಅಮೆರಿಕ, ಮುಕ್ಕಾಲಿಗಿಂತ ಜಾಸ್ತಿ ಇವೆರಡೇ ಹಿಡೀತವೆ. ಆದ್ರೆ ಪಾಲು ಲೆಕ್ಕ ಹಾಕುವಾಗ ಒಂದು ವಿಷ್ಯ ನೋಡ್ಲೇಬೇಕು, ಮೀನು ತಟ್ಟೆಗೆ ಹೋಯ್ತಾ ಇಲ್ಲ ಹುಡಿಯಾಯ್ತಾ ಅಂತ. ಬ್ಲೂ ವೈಟಿಂಗ್ ಅನ್ನೋ ಮೀನೂ ಕಾಡ್ ಬಳಗದ್ದೇ, ಕೆಲವು ವರ್ಷ 15 ಲಕ್ಷ ಟನ್ ದಾಟುತ್ತೆ, ಅದರಲ್ಲಿ ಬಹುಪಾಲು ಫಿಶ್‌ಮೀಲ್, ಅಂದ್ರೆ ಮೀನಿನ ಹುಡಿ ಆಗಿ ಸಾಲ್ಮನ್ ಸಾಕೋ ಕಡೆಗೆ ಹೋಗುತ್ತೆ. ಅದನ್ನ ಸೇರಿಸಿದ್ರೆ ನಾರ್ವೆ, ಫೆರೋ ದ್ವೀಪಗಳ ಪಾಲು ಒಮ್ಮೆಲೇ ಉಬ್ಬುತ್ತೆ, ಮನುಷ್ಯರು ತಿನ್ನೋದನ್ನ ಮಾತ್ರ ಎಣಿಸಿದ್ರೆ ಇಳಿಯುತ್ತೆ. ಹಾಗಾಗಿ ನನ್ನ ಪ್ರಕಾರ ಇದನ್ನ ಬಿಡಿಸಿ ಹೇಳದ ಪಟ್ಟೀನ ನಂಬೋಕಾಗಲ್ಲ.

ಈ ಪಾಲುಗಳು ಹುಟ್ಟಿದ್ದು ಗಡಿ ಗೆರೆಗಳಿಂದ. ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆ ಗಡಿಯನ್ನ 1958ರಲ್ಲಿ 12 ನಾಟಿಕಲ್ ಮೈಲಿ, 1972ರಲ್ಲಿ 50, 1975ರಲ್ಲಿ 200 ಅಂತ ಹಿಗ್ಗಿಸ್ತಾ ಹೋಯ್ತು, ಬ್ರಿಟಿಷ್ ಟ್ರಾಲರ್‌ಗಳ ಬಲೆ ಹಗ್ಗಾನೇ ಕತ್ತರಿಸಿ ಹಾಕಿದ್ರು ಅವರ ಕೋಸ್ಟ್ ಗಾರ್ಡಿನವರು, ಬ್ರಿಟನ್ ಕಾವಲಿಗೆ ಯುದ್ಧನೌಕೆ ಕಳಿಸಿದ್ರೂ ಕೊನೆಗೆ 1976ರಲ್ಲಿ ಒಪ್ಕೊಳ್ಳಬೇಕಾಯ್ತು. ಇಂಗ್ಲೆಂಡಿನ ಹಲ್, ಗ್ರಿಮ್ಸ್‌ಬಿ ಬಂದರುಗಳಲ್ಲಿ ದೂರದ ಮೀನುಗಾರಿಕೆ ನಂಬ್ಕೊಂಡಿದ್ದ ಮನೆಗಳ ಕೆಲಸ ಹೋಯ್ತು. ಗೆದ್ದವರ ಕತೆ ಹೇಳುವಾಗ ಇವರನ್ನ ಮರೀಬಾರ್ದು ಅನ್ಸುತ್ತೆ ನಂಗೆ.

ಗೆರೆ ಎಳೆದ ತಕ್ಷಣ ಮೀನು ಉಳಿಯುತ್ತಾ ಅಂದ್ರೆ ಕೆನಡಾ ನೋಡಿ. ನ್ಯೂಫೌಂಡ್‌ಲ್ಯಾಂಡ್ ಕಡೆ 1968ರಲ್ಲಿ 8 ಲಕ್ಷ ಟನ್ ಕಾಡ್ ಹಿಡಿದಿದ್ರು, ಬಹುಪಾಲು ವಿದೇಶಿ ಹಡಗುಗಳು. 1977ರಲ್ಲಿ 200 ಮೈಲಿ ಕೆನಡಾದ್ದಾಯ್ತು, ಈಗ ಎಲ್ಲಾ ನಮ್ದೇ ಅಂತ ಅವರ ಟ್ರಾಲರ್‌ಗಳೇ ಇಳಿದ್ವು, ಎಷ್ಟು ಮೀನಿದೆ ಅನ್ನೋ ಅಂದಾಜೂ ನಿಜಕ್ಕಿಂತ ಜಾಸ್ತಿ ಇತ್ತು, 1992ರ ಜುಲೈ 2ಕ್ಕೆ ಮೀನುಗಾರಿಕೆ ಬಂದ್. ಸುಮಾರು 30,000 ಜನರ ಕೆಲಸ ಹೋಯ್ತು.

ನಾರ್ವೆ, ರಷ್ಯಾಗಳ ಉತ್ತರಕ್ಕಿರೋ ಬ್ಯಾರೆಂಟ್ಸ್ ಸಮುದ್ರದಲ್ಲಿ ಆ ಎರಡೂ ದೇಶದವರು ಶೀತಲ ಸಮರದ ಕಾಲದಿಂದ್ಲೂ ಕೂತು ಕಾಡ್ ಕೋಟಾ, ಅಂದ್ರೆ ವರ್ಷಕ್ಕೆ ಇಷ್ಟೇ ಹಿಡೀಬೇಕು ಅನ್ನೋ ಮಿತಿ, ಹಂಚ್ಕೋತಾರೆ, ಬೇರೆ ದೇಶಗಳಿಗೆ ಒಂದಿಷ್ಟು ಬಿಟ್ಟು ಉಳಿದದ್ದು ಹೆಚ್ಚುಕಮ್ಮಿ ಅರ್ಧ ಅರ್ಧ. ಆ ಹಂಚಿಕೆ ಹಾಗೇ ಇದೆ, ಹಂಚೋ ಮೀನೇ ಕಮ್ಮಿಯಾಗಿದೆ. 2013ರಲ್ಲಿ ಒಟ್ಟು ಕೋಟಾ 10 ಲಕ್ಷ ಟನ್ ಇತ್ತು, 2025ಕ್ಕೆ 3.4 ಲಕ್ಷ.