ಒಂದು ರೀಡಿಂಗ್ ನಿಮ್ಮ ಬಿಪಿ ಅಲ್ಲ

ರಾತ್ರಿ ಹನ್ನೊಂದರ ಮೇಲೆ ರೋಗಿಗಳಿಂದ ನನ್ನ ಫೋನಿಗೆ ಬರುವ ಫೋಟೊಗಳು ಬಹುಪಾಲು ಒಂದೇ ಥರ. ಬಿಪಿ ಮೆಷಿನ್ನಿನ ಪರದೆ, ಅದರಲ್ಲಿ 168/98, ಕೆಳಗೆ 'ಡಾಕ್ಟ್ರೇ, ಈಗೇನು ಮಾಡ್ಲಿ?' ಎಂಬ ಸಾಲು. ಎರಡು ನಿಮಿಷಕ್ಕೆ ಇನ್ನೊಂದು ಫೋಟೊ, 174. ಮತ್ತೊಂದು, 179. ನಾನು ಉತ್ತರ ಬರೆಯುವಷ್ಟರಲ್ಲಿ ಕೆಲವರು ನಾಳೆ ಬೆಳಿಗ್ಗೆಯ ಮಾತ್ರೆಯನ್ನೂ ನುಂಗಿ ಆಗಿರುತ್ತದೆ.

ನಾನು ತಿರುಗಿ ಕೇಳುವುದು ಇಷ್ಟೆ: ಅಳೆಯುವ ಮುಂಚೆ ಎಷ್ಟು ಹೊತ್ತು ಸುಮ್ಮನೆ ಕೂತಿದ್ದಿರಿ?

ಮೆಷಿನ್ನಿನ ಮೇಲೆ ನನಗೆ ಸಿಟ್ಟಿಲ್ಲ. ರೋಗಿಗಳ ಕೈಗೆ ಬಂದ ಉಪಕರಣಗಳಲ್ಲಿ ನನ್ನ ಕೆಲಸವನ್ನು ಇದರಷ್ಟು ಬದಲಿಸಿದ್ದು ಕಡಿಮೆ. ಡಾಕ್ಟರ ಮುಂದೆ ಕೂತಾಗ ಮಾತ್ರ ಏರುವ ಬಿಪಿಯನ್ನೂ, ನಮ್ಮ ಮುಂದೆ ಸರಿಯಿದ್ದು ಮನೆಯಲ್ಲಿ ಏರುವ ಬಿಪಿಯನ್ನೂ ಇದು ಹಿಡಿದುಕೊಡುತ್ತದೆ. ಎರಡನೆಯದು ಹೆಚ್ಚು ಅಪಾಯದ್ದು, ಮೊದಲು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಆದರೆ ಅದು ಅಳೆಯುವ ಬಗೆ ತಿಳಿದಿರಲಿ. 1905ರಲ್ಲಿ ರಷ್ಯಾದ ವೈದ್ಯ ಕೊರೊಟ್ಕೋವ್ ವಿವರಿಸಿದ ಸದ್ದುಗಳನ್ನು ನಾವು ಸ್ಟೆತಾಸ್ಕೋಪಿನಲ್ಲಿ ಕೇಳಿ ಮೇಲಿನ, ಕೆಳಗಿನ ಅಂಕಿ ಬರೆಯುತ್ತಿದ್ದೆವು. ನಿಮ್ಮ ಮೆಷಿನ್ನು ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ತೋಳಿನ ಪಟ್ಟಿಯ ಗಾಳಿ ಇಳಿಯುವಾಗ ರಕ್ತನಾಳ ಮಿಡಿದು ಆ ಗಾಳಿಯಲ್ಲಿ ಎಬ್ಬಿಸುವ ಅಲುಗಾಟವನ್ನು ಹಿಡಿಯುತ್ತದೆ. ಅಲುಗಾಟ ಅತಿ ಹೆಚ್ಚಿದ್ದ ಜಾಗದಿಂದ ಸರಾಸರಿ ಒತ್ತಡ ಸಿಗುತ್ತದೆ. ಮೇಲಿನ, ಕೆಳಗಿನ ಅಂಕಿಗಳನ್ನು ತಯಾರಕರ ಸೂತ್ರದಿಂದ ಲೆಕ್ಕ ಹಾಕಿ ತೋರಿಸುತ್ತದೆ. ಹಾಗಾಗಿ ಕೈ ಅಲುಗಿದರೆ, ಮಾತಾಡಿದರೆ ಲೆಕ್ಕ ಕೆಡುತ್ತದೆ. ಹೃದಯದ ಬಡಿತ ಹೆಚ್ಚುಕಡಿಮೆ ಇರುವವರಲ್ಲಿ ಈ ಅಂಕಿಯನ್ನು ನಾನು ಇನ್ನಷ್ಟು ಅನುಮಾನದಿಂದಲೇ ನೋಡುತ್ತೇನೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣುತ್ತದೆ. ತೋಳು ಎದೆಯ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಸುಮಾರು 7 ಅಂಕಿ ಹೆಚ್ಚು. ಮೂತ್ರ ತಡೆದುಕೊಂಡು ಕೂತರೂ ಏರುತ್ತದೆ. ಇವೆಲ್ಲಕ್ಕೂ ಮೇಲೆ ಹೆದರಿಕೆ. 168 ನೋಡಿ ಹೆದರಿದವರ ಮುಂದಿನ ರೀಡಿಂಗ್ 174 ಆಗದೆ ಇನ್ನೇನಾದೀತು?

ಬಿಪಿ ದಿನವಿಡೀ ಏರಿಳಿಯುವಂಥದ್ದು. ಮೆಟ್ಟಿಲು ಹತ್ತಿದಾಗ ಒಂದು, ನಿದ್ದೆಯಲ್ಲಿ ಇನ್ನೊಂದು. ಆದ್ದರಿಂದ ನಾನು ಮಾತ್ರೆ ಹೆಚ್ಚಿಸುವುದೋ ಇಳಿಸುವುದೋ ಸರಾಸರಿ ನೋಡಿ. ಒರಗಿ, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕೂತ ಮೇಲೆ, ನಿಮಿಷದ ಅಂತರದಲ್ಲಿ ಎರಡು ಸಲ. ಬೆಳಿಗ್ಗೆ ಮಾತ್ರೆಗೆ ಮುಂಚೆ ಹಾಗೆ, ಸಂಜೆ ಹಾಗೆ, ಏಳು ದಿನ. ಮೊದಲ ದಿನದ್ದು ಸಾಮಾನ್ಯವಾಗಿ ಹೆಚ್ಚಿರುತ್ತದೆ, ಅದನ್ನು ಬಿಡಿ. ಉಳಿದ 24 ರೀಡಿಂಗ್‌ಗಳ ಸರಾಸರಿಯೇ ನಿಮ್ಮ ಬಿಪಿ. ಮತ್ತೆ ಹೇಳುತ್ತೇನೆ, 24ರ ಸರಾಸರಿ. ಅವುಗಳಲ್ಲಿ ಅತಿ ದೊಡ್ಡದೂ ಅಲ್ಲ, ಅತಿ ಚಿಕ್ಕದೂ ಅಲ್ಲ. ಮನೆಯ ಸರಾಸರಿ 135/85 ದಾಟಿದರೆ ಹೆಚ್ಚು ಎನ್ನುವುದು ರೂಢಿ. ಕೆಲವು ಮಾರ್ಗಸೂಚಿಗಳು ಇನ್ನೂ ಕೆಳಗಿನ ಗೆರೆ ಎಳೆಯುತ್ತವೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರ, ಗರ್ಭಿಣಿಯರ ಲೆಕ್ಕ ಬೇರೆ; ಅದನ್ನು ನಿಮ್ಮ ವೈದ್ಯರನ್ನೇ ಕೇಳಬೇಕು.

ಒಂದು ಎಚ್ಚರಿಕೆ. 180/120ರ ಆಚೆಗೆ ಹೋಗಿ, ಜೊತೆಗೆ ಎದೆನೋವು, ಉಸಿರುಗಟ್ಟುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ಸರಾಸರಿಗೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಈ ಲಕ್ಷಣಗಳಿದ್ದು ಮೆಷಿನ್ನು 120/80 ತೋರಿಸಿದರೂ ಹೊರಡಿ. ಬರೀ ಅಂಕಿ ದೊಡ್ಡದಿದ್ದರೆ ಕೂತು ಸುಧಾರಿಸಿಕೊಂಡು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅವತ್ತೇ ವೈದ್ಯರಿಗೆ ತಿಳಿಸಿ. ನೀವಾಗಿಯೇ ಹೆಚ್ಚಿನ ಮಾತ್ರೆ ನುಂಗಬೇಡಿ. ಬಿಪಿ ಒಮ್ಮೆಲೇ ಕುಸಿದರೆ ಮಿದುಳಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ.

ನಿವೃತ್ತ ಮೇಷ್ಟ್ರೊಬ್ಬರು ನೋಟ್‌ಬುಕ್ ತಂದಿದ್ದರು. ಗೆರೆ ಹೊಡೆದ ಪುಟ, ಮುತ್ತಿನಂಥ ಅಕ್ಷರ, ಎಲ್ಲವೂ 126, 128, 130. ಚೀಲದಲ್ಲಿ ಮೆಷಿನ್ನೂ ಇತ್ತು. ಅದರ ಮೆಮೊರಿ ಗುಂಡಿ ಒತ್ತುತ್ತಾ ಹೋದರೆ 148, 151, 139. "ಕಡಿಮೆ ಬರೋವರೆಗೂ ನೋಡ್ತಿದ್ದೆ ಡಾಕ್ಟ್ರೇ, ಕಡಿಮೆ ಬಂದದ್ದನ್ನ ಬರೆದೆ" ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ. ಚಿಕ್ಕ ಅಂಕಿಯೇ ನಿಜವಾದದ್ದು ಎಂದು ನಂಬಿದ್ದರು.

"ಮೇಷ್ಟ್ರೇ, ಹುಡುಗನ ಸರಾಸರಿ ಹಾಕುವಾಗ ಕಡಿಮೆ ಅಂಕ ಬಂದ ವಿಷಯ ಬಿಟ್ಟುಬಿಡ್ತಿದ್ದಿರಾ?"

ತಲೆಯಾಡಿಸಿದರು, ಮಾತಾಡಲಿಲ್ಲ. ಮುಂದಿನ ವಾರ ಅದೇ ನೋಟ್‌ಬುಕ್, ಹೊಸ ಪುಟ. 28 ರೀಡಿಂಗ್. ಮೊದಲ ನಾಲ್ಕರ ಮೇಲೆ ಕೆಂಪು ಶಾಯಿಯ ಗೆರೆ. ಕೊನೆಯಲ್ಲಿ ಅವರೇ ಕೂಡಿ ಭಾಗಿಸಿ ಬರೆದಿದ್ದರು: 143/88. ಅವತ್ತು ಅವರ ಮಾತ್ರೆ ಬದಲಿಸಿದೆ.