ಜಾನ್ ಕೇಜ್ ಅವರ ಹದಿನೈದು ಕಲ್ಲುಗಳು ಮತ್ತು 64ರ ಲೆಕ್ಕ

ಅಮೆರಿಕದ ಆಧುನಿಕ ಕಲೆಯ ಮೇಲೆ ಏಷ್ಯಾದ ಪ್ರಭಾವವನ್ನು ಓದುವಾಗ ನಾನು ಬಹಳ ದಿನ ತಡವರಿಸಿದ್ದು ಸಂಗೀತ ಸಂಯೋಜಕ ಜಾನ್ ಕೇಜ್ 1983ರಲ್ಲಿ ಆರಂಭಿಸಿದ ‘ವೇರ್ ಆರ್ = ರ್ಯೋಆನ್‌ಜಿ’ ಎಂಬ ಚಿತ್ರಮಾಲೆಯಲ್ಲಿ. ಜಪಾನಿನ ಕ್ಯೋಟೋದ ರ್ಯೋಆನ್‌ಜಿ ಝೆನ್ ದೇವಾಲಯದ ಅಂಗಳದಲ್ಲಿ, ಗೆರೆ ಮೂಡುವಂತೆ ಬಾಚಿದ ಬಿಳಿ ಜಲ್ಲಿಯ ನಡುವೆ 15 ಕಲ್ಲುಗಳಿವೆ. ಕೇಜ್ 15 ಸಣ್ಣ ಕಲ್ಲುಗಳನ್ನು ಕಾಗದದ ಮೇಲಿಟ್ಟು ಅವುಗಳ ಅಂಚಿಗೆ ಪೆನ್ಸಿಲು ಒತ್ತಿ ಸುತ್ತಲೂ ಗೆರೆ ಎಳೆದರು. ‘3ಆರ್/17’ ಎಂಬ ಶೀರ್ಷಿಕೆಯಲ್ಲಿ ಆರ್ ಎಂದರೆ 15. ಅಂದರೆ 45 ಗೆರೆಗಳು, 17 ಬಗೆಯ ಪೆನ್ಸಿಲುಗಳು. ಕಲ್ಲು ಎಲ್ಲಿ ಕೂರಬೇಕು, ಯಾವ ಪೆನ್ಸಿಲು ಬಳಸಬೇಕು ಎಂಬುದನ್ನು ನಿರ್ಧರಿಸಿದ್ದು ಚೀನಾದ ಪ್ರಾಚೀನ ಶಕುನಗ್ರಂಥ ‘ಐ ಚಿಂಗ್’. ಅದರಲ್ಲಿ ಆರು ಗೆರೆಗಳ 64 ಆಕೃತಿಗಳಿವೆ; ನಾಣ್ಯ ಹಾರಿಸಿ ಅವುಗಳಲ್ಲಿ ಒಂದನ್ನು ಪಡೆಯಬಹುದು.

ನಾನು ಎಡವಿದ್ದು ಇಲ್ಲಿಯೇ. ಮೂರು ನಾಣ್ಯಗಳನ್ನು ಹಾರಿಸಿ, ಹೆಡ್‌ಗೆ 3, ಟೇಲ್‌ಗೆ 2 ಎಂದು ಕೂಡಿದರೆ 6, 7, 8 ಅಥವಾ 9 ಬರುತ್ತದೆ. ಸಲಕ್ಕೊಂದು ಗೆರೆಯಂತೆ ಆರು ಸಲ ಹಾರಿಸಬೇಕು. ಪ್ರತಿ ಸಲ ನಾಲ್ಕು ಫಲಗಳಿದ್ದರೆ ಒಟ್ಟು 4096 ಆಗಬೇಕಲ್ಲವೇ, 64 ಎಲ್ಲಿಂದ ಬಂತು ಎಂದು ನಾನು ಎರಡು ಸಂಜೆ ಲೆಕ್ಕ ಹಾಕಿದೆ. ಉತ್ತರ ಸರಳವಾಗಿದೆ: ಬೆಸ ಮೊತ್ತ ಬಂದರೆ ಅಖಂಡ ಗೆರೆ, ಸಮ ಮೊತ್ತ ಬಂದರೆ ನಡುವೆ ತುಂಡಾದ ಗೆರೆ, ಆಕೃತಿಯನ್ನು ಗುರುತಿಸಲು ಇವೆರಡೇ ಸಾಕು. ಮೂರು ನಾಣ್ಯಗಳು ಬೀಳುವ ಎಂಟು ರೀತಿಗಳಲ್ಲಿ 9 ಒಂದು ಸಲ, 7 ಮೂರು ಸಲ, 8 ಮೂರು ಸಲ, 6 ಒಂದು ಸಲ ಬರುವುದರಿಂದ ಬೆಸಕ್ಕೂ ಸಮಕ್ಕೂ ಸರಿಸಮನಾಗಿ ನಾಲ್ಕು ನಾಲ್ಕು ಅವಕಾಶ. ಛಂದಸ್ಸಿನ ಪ್ರಸ್ತಾರ ಬಲ್ಲವರಿಗೆ ಇದು ಇನ್ನೂ ಸುಲಭ: ಪಾದಕ್ಕೆ ಆರು ಅಕ್ಷರಗಳ ಗಾಯತ್ರೀ ಛಂದಸ್ಸಿನಲ್ಲಿ ಲಘು-ಗುರುಗಳನ್ನು ಹೇಗೆ ಜೋಡಿಸಿದರೂ 64 ಬಗೆಗಳೇ ಆಗುತ್ತವೆ, ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯುವುದಷ್ಟೇ ವ್ಯತ್ಯಾಸ.

ಗ್ರಂಥದಲ್ಲಿ ಪ್ರತಿ ಆಕೃತಿಗೂ 1ರಿಂದ 64ರವರೆಗೆ ಕ್ರಮಸಂಖ್ಯೆ ಇದೆ. ಅಭ್ಯಾಸಕ್ಕಾಗಿ 64 ಸಂಖ್ಯೆಗಳನ್ನು 17 ಪೆನ್ಸಿಲುಗಳಿಗೆ ಹಂಚಿ ನೋಡಿದೆ: 13 ಪೆನ್ಸಿಲುಗಳಿಗೆ ನಾಲ್ಕು ನಾಲ್ಕು, ಉಳಿದ ನಾಲ್ಕಕ್ಕೆ ಮೂರು ಮೂರು. ಹಂಚಿಕೆ ಸ್ಪಷ್ಟವಾದ ಮೇಲೆ ಚಿತ್ರವೂ ಸ್ಪಷ್ಟವಾಯಿತು.

1946ರಲ್ಲಿ ಸಂಗೀತಗಾರ್ತಿ ಗೀತಾ ಸಾರಾಭಾಯಿ ಅವರಿಂದ ಭಾರತೀಯ ಸಂಗೀತ ಕಲಿತ ಕೇಜ್, ಕಲಾ ಚಿಂತಕ ಆನಂದ ಕುಮಾರಸ್ವಾಮಿಯವರ ಬರಹಗಳಿಂದ ರಸತತ್ತ್ವವನ್ನೂ, ನ್ಯೂಯಾರ್ಕ್‌ನಲ್ಲಿ ಜಪಾನಿನ ಝೆನ್ ವಿದ್ವಾಂಸ ಡಿ. ಟಿ. ಸುಜುಕಿಯವರ ಉಪನ್ಯಾಸಗಳಿಂದ ಝೆನ್ ಚಿಂತನೆಯನ್ನೂ ತಿಳಿದಿದ್ದರು. 1951ರ ‘ಮ್ಯೂಸಿಕ್ ಆಫ್ ಚೇಂಜಸ್’ ಕೃತಿಯನ್ನು ನಾಣ್ಯ ಹಾರಿಸಿಯೇ ರಚಿಸಿದ್ದರು. ಇದನ್ನು ‘ಮನಸ್ಸಿಗೆ ಬಂದಂತೆ ಮಾಡುವುದು’ ಎಂದು ನಾನು ಮೊದಲು ಬರೆದುಕೊಂಡಿದ್ದೆ; ಅದು ಪೂರ್ತಿ ತಪ್ಪು. ಕಲ್ಲು, ಕಾಗದ, ಪೆನ್ಸಿಲುಗಳನ್ನು ಆರಿಸುವುದು ಕಲಾವಿದನ ಕೆಲಸ. ಸಂಖ್ಯೆ ಬಂದ ಬಳಿಕ, ಗೆರೆಗಳು ಒಂದರ ಮೇಲೊಂದು ಬಿದ್ದರೂ, ಕಾಗದದ ಒಂದು ಮೂಲೆ ಖಾಲಿ ಉಳಿದರೂ, ಕಲ್ಲನ್ನು ಸರಿಸುವಂತಿಲ್ಲ.