ಕೊಂಬಿಗೆ ವಾಟ್ ಎಷ್ಟು?

ಕೊಡಗಿನ ಮದುವೆಯಲ್ಲಿ ವಾಲಗ ಶುರುವಾದರೆ ಮೈಕ್ ಕೇಳುವವರಿಲ್ಲ. ಊದುವ ಕೊಂಬು, ಬಾರಿಸುವ ಕೊಟ್ಟು ಜೊತೆಗೂಡಿದವು ಅಂದರೆ ಹಾಲ್ ಒಳಗಿದ್ದವರಷ್ಟೇ ಅಲ್ಲ, ಹೊರಗೆ ಜೀಪ್ ನಿಲ್ಲಿಸಲು ಜಾಗ ಹುಡುಕುತ್ತಿರುವವರ ಕಾಲೂ ತಾಳ ಹಾಕುತ್ತದೆ. ಊದುವವರ ಉಸಿರಿನಿಂದ ಸದ್ದಾಗಿ ಹೊರಬರುವ ಶಕ್ತಿಯನ್ನು ಅಳೆದರೆ ಸರಾಸರಿ ಒಂದು ವಾಟ್ ಕೂಡ ಆಗುವುದಿಲ್ಲ. ಅದೇ ಸಂಜೆ ರಿಸೆಪ್ಷನ್‌ಗೆ ಬರುವ ಆರ್ಕೆಸ್ಟ್ರಾ ತಂಡ 2000 ವಾಟ್ ಎಂದು ಬರೆದ ಡಬ್ಬಗಳನ್ನು ಇಳಿಸುತ್ತದೆ. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನ ಸಾಲಿನವರಿಗೆ ಹಾಡಿನ ಸಾಹಿತ್ಯವೇ ತಿಳಿಯುವುದಿಲ್ಲ.

ಗುಟ್ಟು ಇರುವುದು ಕೊಂಬಿನ ಆಕಾರದಲ್ಲಿ. ಗಾಳಿ ಬಹಳ ಹಗುರ. ತುಟಿಯಷ್ಟು ಸಣ್ಣ ವಸ್ತು ಬಯಲಲ್ಲಿ ಅದುರಿದರೆ ಸುತ್ತಲಿನ ಗಾಳಿ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುತ್ತದೆ, ಒತ್ತಡ ಏರುವುದೇ ಇಲ್ಲ. ಕೊಂಬಿನ ಕಿರಿದಾದ ಬುಡದಲ್ಲಿ ಹಾಗೆ ಸರಿಯಲು ಜಾಗವಿಲ್ಲ. ಅಲ್ಲಿ ಏರಿದ ಒತ್ತಡವನ್ನು ಸ್ವಲ್ಪಸ್ವಲ್ಪವೇ ಅಗಲವಾಗುತ್ತಾ ಹೋಗುವ ಕೊಳವೆ ಹೊರಗಿನ ಗಾಳಿಗೆ ಒಪ್ಪಿಸುತ್ತದೆ. ಸ್ಪೀಕರ್ ಡಬ್ಬದ ಮೇಲ್ಭಾಗದಲ್ಲಿರುವ ಹಾರ್ನ್ ಮಾಡುವ ಕೆಲಸವೂ ಇದೇ. ಕೆಳಗಿರುವ ದೊಡ್ಡ ಕೋನ್‌ಗೆ ಆ ಸೌಲಭ್ಯವಿಲ್ಲ. ಅದಕ್ಕೆ ನೂರು ವಾಟ್ ಕರೆಂಟ್ ಕೊಟ್ಟರೆ ಸದ್ದಾಗಿ ಬರುವುದು ಒಂದೆರಡು ವಾಟ್, ಹೆಚ್ಚೆಂದರೆ ಮೂರು. ಉಳಿದದ್ದೆಲ್ಲ ಕೋನನ್ನು ಅದುರಿಸುವ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್ ಬಿಸಿ ಮಾಡಲು ಖರ್ಚು.

ಆದ್ದರಿಂದ ಹೊಸದಾಗಿ ತಂಡ ಕಟ್ಟಿಕೊಂಡು ಮೈಸೂರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೊರಟವರು ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ವಾಟ್ ಅಲ್ಲ, ಸೆನ್ಸಿಟಿವಿಟಿ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ನಿಂತರೆ ಎಷ್ಟು ಡೆಸಿಬೆಲ್ ಕೇಳುತ್ತದೆ ಎಂಬ ಸಂಖ್ಯೆ ಅದು. ಒಂದು ಡಬ್ಬದ್ದು 90, ಇನ್ನೊಂದರದ್ದು 97 ಎಂದಿಟ್ಟುಕೊಳ್ಳಿ. ಏಳು ಡೆಸಿಬೆಲ್ ತಾನೇ ಅನ್ನಿಸಬಹುದು. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ ಮೂರಕ್ಕೆ ಶಕ್ತಿ ಎರಡು ಪಟ್ಟು, ಏಳಕ್ಕೆ ಐದು ಪಟ್ಟು. ಅಂದರೆ ಎರಡನೆಯದು 100 ವಾಟ್‌ನಲ್ಲಿ ಕೊಡುವ ಸದ್ದಿಗೆ ಮೊದಲನೆಯದಕ್ಕೆ 500 ವಾಟ್ ಬೇಕು.

ಇದನ್ನು ಒಂದು ಹುಲ್ಲುಹಾಸಿನ ಮದುವೆಗೆ ಹಚ್ಚಿ ನೋಡೋಣ. ಗೋಣಿಕೊಪ್ಪದ ಹತ್ತಿರ ಯಾವುದೋ ತೋಟದ ಬಯಲು, ಕೊನೆಯ ಕುರ್ಚಿ ವೇದಿಕೆಯಿಂದ 32 ಮೀಟರ್ ದೂರ. ಮಾತಾಡುತ್ತಾ ಕೂತಿರುವ ಜನರ ಗದ್ದಲವೇ 75 ಡೆಸಿಬೆಲ್ ಎಂದುಕೊಂಡರೆ ಹಾಡು ಅದಕ್ಕಿಂತ ಹತ್ತಾದರೂ ಮೇಲಿರಬೇಕು. ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಆರು ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಿಂದ 32 ಮೀಟರಿಗೆ ಹೋಗುವಷ್ಟರಲ್ಲಿ 30 ಹೋಯಿತು. ಹಿಂದೆ 85 ಕೇಳಬೇಕಾದರೆ ಡಬ್ಬದ ಮುಂದೆ 115 ಇರಬೇಕು. ಡ್ರಮ್ ಏಟು, ಗಾಯಕರ ತಾರಸ್ಥಾಯಿಗೆಂದು ಇನ್ನೊಂದು 12 ಕೈಯಲ್ಲಿರಲಿ: 127. ಇಷ್ಟನ್ನು ಮುಟ್ಟಲು 97ರ ಡಬ್ಬಕ್ಕೆ 1000 ವಾಟ್ ಸಾಕು, 90ರದಕ್ಕೆ 5000 ವಾಟ್ ಬೇಕು. 5000 ವಾಟ್ ಸುರಿದರೆ ಅದರ ಕಾಯಿಲ್ ಸುಟ್ಟುಹೋಗುತ್ತದೆ ಬಿಡಿ.

ಆದರೆ ಇದೇ ಲೆಕ್ಕದಲ್ಲಿ ಕಡಿಮೆ ದುಡ್ಡಿನ ಉಪಾಯವೂ ಒಂದಿದೆ. ಎರಡು ಡಬ್ಬಗಳನ್ನು ವೇದಿಕೆಯಲ್ಲೇ ಬಿಟ್ಟು ಇನ್ನೆರಡು ಚಿಕ್ಕವನ್ನು 16 ಮೀಟರ್ ಮುಂದಕ್ಕೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿದರೆ ಹಿಂದಿನವರಿಗೆ ದೂರ ಅರ್ಧವಾಯಿತು, ಬೇಕಾದ ಶಕ್ತಿ ಕಾಲು ಭಾಗಕ್ಕೆ ಇಳಿಯಿತು. ಒಂದೇ ಎಚ್ಚರಿಕೆ: ಕರೆಂಟ್ ತಂತಿಯಲ್ಲಿ ತಕ್ಷಣ ತಲುಪುತ್ತದೆ, ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. ಮುಂದಿನ ಡಬ್ಬಗಳಿಗೆ 47 ಮಿಲಿಸೆಕೆಂಡ್ ಡಿಲೇ ಹಾಕದಿದ್ದರೆ ಒಂದೊಂದು ಮಾತೂ ಎರಡೆರಡು ಸಲ ಬಂದು ಕಲಸಿಹೋಗುತ್ತದೆ. ಈಗಿನ ಡಿಜಿಟಲ್ ಮಿಕ್ಸರ್‌ಗಳಲ್ಲಿ ಈ ಡಿಲೇ ಒಂದು ಗುಂಡಿಯ ಕೆಲಸ. ಮಿಕ್ಸರ್ ಬಗ್ಗೆ ನಾನು ಹೇಳುವುದೂ ಇಷ್ಟೇ: ಚಾನೆಲ್ ಎಷ್ಟು ಬೇಕೋ ಅದಕ್ಕಿಂತ ನಾಲ್ಕು ಹೆಚ್ಚಿರಲಿ.

ಆ್ಯಕ್ಟಿವ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವಂಥದ್ದು) ಕೊಳ್ಳುವವರಿಗೆ ಸೆನ್ಸಿಟಿವಿಟಿ ಸಂಖ್ಯೆ ಸಿಗುವುದು ಅಪರೂಪ. ಅಲ್ಲಿ ‘ಮ್ಯಾಕ್ಸ್ ಎಸ್‌ಪಿಎಲ್’, ಅಂದರೆ ಡಬ್ಬ ಕೊಡಬಲ್ಲ ಗರಿಷ್ಠ ಡೆಸಿಬೆಲ್ ನೋಡಬೇಕು. ಅದು ಬಹುಪಾಲು ಕ್ಷಣಮಾತ್ರದ ಶಿಖರದ ಲೆಕ್ಕ ಎಂಬುದು ನೆನಪಿರಲಿ. ಹಿಂದೆ ಟೇಪ್ ರೆಕಾರ್ಡರ್‌ಗಳ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವಾಟ್ ಅಚ್ಚು ಹಾಕುತ್ತಿದ್ದರಲ್ಲ, ಈಗಿನ ‘ಪೀಕ್ ವಾಟ್’ ಅದರ ಸ್ವಲ್ಪ ಮರ್ಯಾದಸ್ಥ ತಮ್ಮ.

ಹಾಲ್ ಒಳಗೆ ಸಮಸ್ಯೆ ತಿರುವುಮುರುವಾಗುತ್ತದೆ. ಅಲ್ಲಿ ಸದ್ದು ಸಾಲದೆ ಹೋಗುವುದಿಲ್ಲ, ಸಾಯುವುದಿಲ್ಲ ಎಂಬುದೇ ತೊಂದರೆ. ಹಾರ್ವರ್ಡ್‌ನ ಭೌತವಿಜ್ಞಾನಿ ವ್ಯಾಲೇಸ್ ಸಬೈನ್ 1890ರ ದಶಕದಲ್ಲಿ ಒಂದು ಗೊಂದಲದ ಉಪನ್ಯಾಸ ಕೊಠಡಿಯನ್ನು ಸರಿಪಡಿಸಲು ಹೊರಟು, ಪಕ್ಕದ ರಂಗಮಂದಿರದ ಸೀಟಿನ ಮೆತ್ತೆಗಳನ್ನು ರಾತ್ರಿಯೆಲ್ಲ ಹೊತ್ತು ತಂದು ಹಾಕಿ ಅಳೆದು ಸೂತ್ರ ಕಂಡುಕೊಂಡರು: ಅನುರಣನದ (ಸದ್ದು ನಿಂತ ಮೇಲೂ ಉಳಿಯುವ ಗುಂಯ್‌ಗುಡುವಿಕೆಯ) ಸೆಕೆಂಡುಗಳು ಬೇಕಾದರೆ ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ವಿಸ್ತೀರ್ಣದಿಂದ ಭಾಗಿಸಬೇಕು. 30 ಮೀಟರ್ ಉದ್ದ, 15 ಅಗಲ, 6 ಎತ್ತರದ ಒಂದು ಕಲ್ಯಾಣ ಮಂಟಪದಲ್ಲಿ ಟೈಲ್ಸ್, ಗಾರೆ ಗೋಡೆ, ಗಾಜು ಎಲ್ಲ ಸೇರಿ ಹೀರುವುದು 100 ಚದರ ಮೀಟರ್‌ನಷ್ಟು ಎಂದುಕೊಂಡರೆ ಖಾಲಿ ಹಾಲ್‌ನಲ್ಲಿ ಒಂದು ಚಪ್ಪಾಳೆ ಸಾಯಲು 4 ಸೆಕೆಂಡಿಗೂ ಹೆಚ್ಚು ಬೇಕು. ಕೋಟು, ಸೀರೆ ಉಟ್ಟ ಒಬ್ಬೊಬ್ಬರೂ ಅರ್ಧ ಚದರ ಮೀಟರಿನಷ್ಟು ಹೀರುತ್ತಾರೆ. 400 ಜನ ಬಂದು ಕೂತರೆ ಅದೇ ಹಾಲ್ ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ. ಮಧ್ಯಾಹ್ನ ಖಾಲಿ ಹಾಲ್‌ನಲ್ಲಿ ಸೌಂಡ್ ಚೆಕ್ ಮಾಡಿ ‘ರೂಮ್ ಸರಿಯಿಲ್ಲ’ ಎಂದು ಈಕ್ವಲೈಜರ್ ತಿರುಚಿದವರು ಸಂಜೆ ಅದನ್ನೆಲ್ಲ ವಾಪಸ್ ತಿರುಗಿಸಬೇಕಾಗುತ್ತದೆ.

ಇಂಥ ಕಡೆ ವಾಲ್ಯೂಮ್ ಏರಿಸಿದರೆ ಪ್ರತಿಧ್ವನಿಯೂ ಜೊತೆಗೇ ಏರುತ್ತದೆ, ಮಾತು ಮೊದಲಿನಷ್ಟೇ ಮಸುಕು. ಸದ್ದು ಜನರ ಮೇಲೆ ಬೀಳಬೇಕು, ಗೋಡೆಗೂ ಚಾವಣಿಗೂ ಬೀಳಬಾರದು. ಸ್ಪೀಕರನ್ನು ತಲೆಗಿಂತ ಎತ್ತರಕ್ಕೇರಿಸಿ ಮೂತಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸುವುದು, ಇಲ್ಲವೇ ಸಣ್ಣ ಸ್ಪೀಕರ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಕಾಲಮ್ ತರುವುದು ದಾರಿ. ಕಾಲಮ್‌ನಿಂದ ಸದ್ದು ಅಡ್ಡಕ್ಕೆ ಅಗಲವಾಗಿ, ಮೇಲೆ ಕೆಳಗೆ ಕಿರಿದಾಗಿ ಹೋಗುತ್ತದೆ. ಹಾಲ್ ಕಾರ್ಯಕ್ರಮಗಳೇ ಹೆಚ್ಚಿರುವ ಸಣ್ಣ ತಂಡಕ್ಕೆ ನನ್ನ ಓಟು ಕಾಲಮ್‌ಗೆ.

ಬೇಸ್ ಡಬ್ಬದ ಮೋಹದ ಬಗ್ಗೆಯೂ ಒಂದು ಮಾತು. 50 ಹರ್ಟ್ಸ್ ಸದ್ದಿನ ತರಂಗ ಸುಮಾರು 7 ಮೀಟರ್ ಉದ್ದ. ಅಷ್ಟು ಉದ್ದದ ತರಂಗವನ್ನು ಒಂದೇ ಒಂದು ಡಬ್ಬ ಒಂದು ದಿಕ್ಕಿಗೆ ಕಳಿಸಲಾರದು. ಅದು ಹಿಂದಕ್ಕೂ ಹೋಗುತ್ತದೆ, ವೇದಿಕೆ ಮೇಲಿನ ಮೈಕ್‌ಗಳಿಗೂ ನುಗ್ಗುತ್ತದೆ, ಪಕ್ಕದ ತೋಟದ ಮನೆಗೂ ಹೋಗುತ್ತದೆ. ಇಂಥ ಬೇಸ್ ಡಬ್ಬ, ಅಂದರೆ ಸಬ್, ಎರಡಿದ್ದರೆ ವೇದಿಕೆಯ ಎರಡು ತುದಿಗೆ ಇಡುವ ಬದಲು ಒಟ್ಟಿಗೇ ಇಡಿ. ದೂರ ಇಟ್ಟರೆ ಕೆಲವು ಜಾಗಗಳಲ್ಲಿ ಒಂದನ್ನೊಂದು ಅಳಿಸಿಕೊಂಡು ಬೇಸ್ ಮಾಯವಾಗುತ್ತದೆ.

ಇನ್ನು ಕೂಗು. ‘ಕೀಂ’ ಎಂದು ಇಡೀ ಹಾಲ್ ಬೆಚ್ಚಿಬೀಳುವ ಫೀಡ್‌ಬ್ಯಾಕ್. ಸ್ಪೀಕರ್‌ನಿಂದ ಹೊರಟ ಸದ್ದು ಮೈಕ್‌ಗೆ ಹೊಕ್ಕು, ದೊಡ್ಡದಾಗಿ ಮತ್ತೆ ಸ್ಪೀಕರ್‌ನಿಂದ ಬಂದು ಸುತ್ತು ಹೊಡೆಯುತ್ತದೆ. ಹಾಡಿಗೆ ಬಳಸುವ ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನಿನ ಕಡೆಯಿಂದ ಬರುವುದನ್ನು ಕೇಳಿಸಿಕೊಳ್ಳುವುದಿಲ್ಲ. ಬೆನ್ನಿನ ಕಡೆಯ ಸದ್ದು ಹಿಂಬದಿಯ ಸಣ್ಣ ಕಿಂಡಿಗಳ ಮೂಲಕವೂ ಒಳಹೊಕ್ಕು, ಸುತ್ತಿಕೊಂಡು ಮುಂದಿನಿಂದ ಬಂದ ತನ್ನದೇ ಪಾಲನ್ನು ರದ್ದು ಮಾಡುವಂತೆ ಮೈಕನ್ನು ಕಟ್ಟಿರುತ್ತಾರೆ. ಗಾಯಕರನ್ನು ಹತ್ತಿರದಿಂದ ಗಮನಿಸಿ: ಜೋಶ್ ಏರಿದಂತೆ ಕೈ ಹಿಡಿಯಿಂದ ಮೇಲಕ್ಕೆ ಜಾರಿ, ಜಾಲರಿಯ ಗುಂಡನ್ನೇ ಮುಷ್ಟಿಯಲ್ಲಿ ಹಿಡಿದಿರುತ್ತದೆ. ಕಿಂಡಿ ಮುಚ್ಚಿತು, ಮೈಕ್ ಎಲ್ಲ ದಿಕ್ಕಿನದನ್ನೂ ಕೇಳತೊಡಗಿತು, ಕೂಗು ಬಂತು. ಬೈಸಿಕೊಳ್ಳುವುದು ಮಿಕ್ಸರ್ ಮುಂದೆ ಕೂತವನು.

ತೆರೆದ ಮೈಕ್‌ಗಳ ಸಂಖ್ಯೆ ಎರಡು ಪಟ್ಟಾದರೆ ಕೂಗಿಗೆ ಮೊದಲು ಸಿಗುವ ವಾಲ್ಯೂಮ್ ಮೂರು ಡೆಸಿಬೆಲ್ ಕಡಿಮೆ. ದುಡಿ ಬಾರಿಸುತ್ತಾ ಹಾಡುವ ನಾಲ್ವರಿಗೆ ನಾಲ್ಕು ಮೈಕ್ ಇಟ್ಟರೆ ಒಂದು ಮೈಕ್‌ಗಿಂತ ಆರು ಕಳೆದುಕೊಂಡಂತೆ. ಇಬ್ಬಿಬ್ಬರಿಗೆ ಒಂದೊಂದು ಸಾಕು, ಹತ್ತಿರ ನಿಂತು ಹಾಡಲಿ. ಬಾಯಿಗೂ ಮೈಕ್‌ಗೂ ಇರುವ ಅಂತರ 10 ಸೆಂಟಿಮೀಟರಿನಿಂದ 5ಕ್ಕೆ ಇಳಿದರೆ ಅಷ್ಟಕ್ಕೇ ಆರು ಡೆಸಿಬೆಲ್ ವಾಪಸ್.

ಮಂಜು ಬಿದ್ದರೆ ಸದ್ದು ಮಂಕಾಗುತ್ತದೆ ಎನ್ನುವವರಿದ್ದಾರೆ. ಅಳತೆ ಬೇರೆಯೇ ಹೇಳುತ್ತದೆ. ಗಾಳಿ ಹೀರಿಕೊಳ್ಳುವುದು ಮುಖ್ಯವಾಗಿ ತೀಕ್ಷ್ಣ ಸ್ವರಗಳನ್ನು, ಅದೂ ಒಣ ಗಾಳಿಯಲ್ಲಿ ಹೆಚ್ಚು. 15 ಡಿಗ್ರಿ ಉಷ್ಣತೆಯಲ್ಲಿ ತೇವಾಂಶ ಶೇ. 20 ಇದ್ದಾಗ 8000 ಹರ್ಟ್ಸ್ ಸದ್ದು 50 ಮೀಟರ್ ದೂರದಲ್ಲಿ 10 ಡೆಸಿಬೆಲ್ ಕಳೆದುಕೊಂಡರೆ, ಶೇ. 80 ಇದ್ದಾಗ ಕಳೆದುಕೊಳ್ಳುವುದು ನಾಲ್ಕೇ. ಮಡಿಕೇರಿಯ ಗಾಂಧಿ ಮೈದಾನದಲ್ಲಿ ದಸರಾ ಕಾರ್ಯಕ್ರಮ ಕೊಡುವ ತಂಡ ಬಯಲುಸೀಮೆಯ ಬೇಸಿಗೆಗೆಂದು ಕೂರಿಸಿಕೊಂಡ ಟ್ರೆಬಲ್ಲನ್ನೇ ಇಲ್ಲೂ ಇಟ್ಟರೆ ಕಿವಿಗೆ ಚುಚ್ಚುತ್ತದೆ.

ರಾತ್ರಿ ಇನ್ನೊಂದು ಚಮತ್ಕಾರ. ನೆಲ ಬೇಗ ತಣಿದು ಕಣಿವೆಯಲ್ಲಿ ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ನಿಲ್ಲುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಸದ್ದಿನ ವೇಗ ಹೆಚ್ಚು, ಹಾಗಾಗಿ ಮೇಲಕ್ಕೆ ಹೊರಟ ತರಂಗ ಬಾಗಿ ಕೆಳಕ್ಕೇ ಬರುತ್ತದೆ. ಹಗಲು ಕೇಳದ ಹಾಡು ರಾತ್ರಿ ಆಚೆ ಬೆಟ್ಟದ ಮನೆಗೆ ಸ್ಪಷ್ಟವಾಗಿ ಕೇಳುವುದು ಇದರಿಂದ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸರ್ಕಾರ ಸಡಿಲಿಸಬಹುದು. ವಸತಿ ಪ್ರದೇಶದ ರಾತ್ರಿಯ ಮಿತಿ 45 ಡೆಸಿಬೆಲ್. ಒಂಬತ್ತೂವರೆಗೆ ಮೊದಲು ಸಬ್ ಇಳಿಸಿದರೆ ಪೊಲೀಸರಿಗೆ ಹೋಗುವ ಫೋನ್ ಅರ್ಧ ಕಡಿಮೆ, ಇದು ನನ್ನ ಅಂದಾಜು.

ಕರೆಂಟಿನ ವಿಷಯಕ್ಕೆ ಬಂದರೆ, ಮಳೆಗಾಲದಲ್ಲಿ ಲೈನ್ 230 ವೋಲ್ಟ್‌ನಿಂದ 180ಕ್ಕೆ ಕುಸಿದರೆ ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯ ಆಂಪ್ಲಿಫೈಯರ್ ಕೊಡಬಲ್ಲ ಗರಿಷ್ಠ ಶಕ್ತಿ ಶೇ. 61ಕ್ಕೆ ಇಳಿಯುತ್ತದೆ. ಹಿಂಬದಿಯಲ್ಲಿ 100-240 ವೋಲ್ಟ್ ಎಂದು ಬರೆದಿರುವುದನ್ನು ಕೊಂಡರೆ ಆ ಚಿಂತೆಯಿಲ್ಲ. ತೂಕವೂ ಕಡಿಮೆ, ಜೀಪ್ ಹಿಂದೆ ಎತ್ತಿ ಇಡುವಾಗ ಸೊಂಟಕ್ಕೆ ಗೊತ್ತಾಗುತ್ತದೆ. ಸ್ಪೀಕರ್‌ನಲ್ಲಿ ಗುಂಯ್ ಎನ್ನುವ ‘ಹಮ್’ ಬರುತ್ತಿದೆಯೆಂದು ಪ್ಲಗ್‌ನ ಅರ್ತ್ ಪಿನ್ ತೆಗೆಯುವ ಅಭ್ಯಾಸ ಮಾತ್ರ ಬೇಡವೇ ಬೇಡ. ಒದ್ದೆ ಹುಲ್ಲಿನ ಮೇಲೆ ನಿಂತು, ಗಿಟಾರ್ ತಂತಿ ಹಿಡಿದು, ತುಟಿಯನ್ನು ಲೋಹದ ಮೈಕ್‌ಗೆ ತಾಗಿಸುವವರ ಜೀವ ಆ ಪಿನ್‌ನಲ್ಲಿದೆ. ಹಮ್‌ಗೆ ಮದ್ದು ವಾದ್ಯಕ್ಕೂ ಮಿಕ್ಸರ್‌ಗೂ ನಡುವೆ ಹಾಕುವ, ಗ್ರೌಂಡ್ ಲಿಫ್ಟ್ (ಸಿಗ್ನಲ್ ತಂತಿಯ ಗ್ರೌಂಡನ್ನಷ್ಟೇ ಬಿಡಿಸುವ ಸ್ವಿಚ್) ಇರುವ ಡಿಐ ಬಾಕ್ಸ್. ಜೊತೆಗೆ 30 ಮಿಲಿಆಂಪಿಯರ್ ಸೋರಿಕೆಗೇ ಟ್ರಿಪ್ ಆಗುವ ಆರ್‌ಸಿಸಿಬಿ ಹಾಕಿದ ಬೋರ್ಡ್ ತಂಡದ ಸ್ವಂತದ್ದಾಗಿರಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರ್ಯಕ್ರಮ ಕಡಿಮೆ, ಸಾಮಾನು ಮೂಲೆ ಸೇರುತ್ತದೆ. ಕೋನ್ ತೇವ ಕುಡಿಯುತ್ತದೆ, ಜಾಕ್‌ಗಳು ಹಸಿರುಗಟ್ಟುತ್ತವೆ, ಕಂಡೆನ್ಸರ್ ಮೈಕ್ ಪಟಪಟ ಎನ್ನಲು ಶುರುಮಾಡುತ್ತದೆ. ಮೈಕ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ಸ್ಪೀಕರ್‌ಗಳನ್ನು ನೆಲದಿಂದ ಎತ್ತರಿಸಿ, ಗೋಡೆಗೆ ತಾಗದಂತೆ ಹಲಗೆ ಮೇಲಿಡಿ. ವಾರಕ್ಕೊಮ್ಮೆ ಗಂಟೆ ಹೊತ್ತು ಆನ್ ಮಾಡಿ ಸಣ್ಣ ದನಿಯಲ್ಲಿ ಹಾಡು ಹಾಕಿ ಬಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ.